ಬಣ್ಣದ ದೀಪದ ಕೆಳಗೆ ಒಂದು ಚೌಕಾಬಾರ

ಹತ್ತು ವರ್ಷದ ಹಿಂದೆ ನಮ್ಮ ಯಜಮಾನರು ಮಗಳಿಗೆ ಒಂದು ಮಾತು ಕೊಟ್ಟರು.

ಮಾತು ಕೊಡುವುದು ಅವರಿಗೆ ಹೊಸದೇನಲ್ಲ. ಅವರು ಕೋಣಂದೂರಿನ ಬಸ್ ಏಜೆಂಟ್ ವಾಸಪ್ಪನವರು. “ಇನ್ನೈದು ನಿಮಿಷಕ್ಕೆ ಬಸ್ಸು ಬಂತು ಅಂತ ತಿಳ್ಕೊಳ್ಳಿ” ಎಂದು ದಿನಕ್ಕೆ ನಲವತ್ತು ಸಲ ಮಾತು ಕೊಡುತ್ತಾರೆ. ಬಸ್ಸು ಒಂದು ಗಂಟೆ ಬಿಟ್ಟು ಬಂದರೂ ಯಾರೂ ಕೇಳುವುದಿಲ್ಲ. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಏಜೆಂಟರ ಸತ್ಯಸಂಧತೆಯನ್ನು ಪರಿಶೀಲಿಸಲು ಯಾರಿಗೆ ಪುರುಸೊತ್ತು? ಹೀಗಾಗಿ ಮಾತು ಎಂದರೆ ಹರಿದುಕೊಟ್ಟ ಟಿಕೆಟ್ಟು, ಕೊಟ್ಟ ಮೇಲೆ ಅದು ಪ್ರಯಾಣಿಕರ ಜವಾಬ್ದಾರಿ ಎಂಬ ನಂಬಿಕೆ ವಾಸಪ್ಪನವರಲ್ಲಿ ಬೇರೂರಿತ್ತು.

ಆಗ ನಮ್ಮ ವಿಶಾಲುಗೆ ಎಂಟು ವರ್ಷ. ಟೈಫಾಯಿಡ್ ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದ್ದಳು. ಹದಿನಾಲ್ಕನೆಯ ದಿನ ಇಡೀ ಊರೇ ಬಂದು ಅವಳನ್ನು ನೋಡಿ, ನಮ್ಮ ಮುಖ ನೋಡದೆ ಹೊರಟುಹೋಯಿತು. ಹದಿನೈದನೆಯ ದಿನ ಜ್ವರ ಇಳಿಯಿತು. ಆಮೇಲೆ ಹಾಸಿಗೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿದ್ದರಿಂದ, ಶಾಲೆಯಲ್ಲಿ ಪಾಠ ಹೇಳುವ ನನ್ನ ಚೀಲದಿಂದ ಸೀಮೆಸುಣ್ಣ ತೆಗೆದು, ಹಾಸಿಗೆಯ ಪಕ್ಕ ನೆಲದ ಮೇಲೆ ಐದೈದು ಇಪ್ಪತ್ತೈದು ಮನೆ ಬರೆದು, ಅಪ್ಪ ಮಗಳು ಚೌಕಾಬಾರ ಆಡತೊಡಗಿದರು. ಅವಳದು ಕೆಂಪು ಬಳೆಚೂರು, ಇವರದು ಹಸಿರು ಬಳೆಚೂರು. ನಾಲ್ಕು ಕವಡೆ.

ಆ ಇಡೀ ವಾರದಲ್ಲಿ ಒಂದೇ ಒಂದು ಆಟವೂ ಮುಗಿಯಲಿಲ್ಲ. ನಮ್ಮ ಮನೆ ಬಸ್ ನಿಲ್ದಾಣಕ್ಕೆ ಕೂಗಳತೆ. ಹಾರನ್ ಕೇಳಿದ ತಕ್ಷಣ ಇವರ ಕಾಲು ತಾನಾಗಿ ಎದ್ದು ನಿಲ್ಲುತ್ತದೆ. ತಲೆಯನ್ನು ಕೇಳುವ ಪದ್ಧತಿ ಆ ಕಾಲಿಗಿಲ್ಲ. ಕಾಯಿ ಇನ್ನೇನು ಹಣ್ಣಾಗಬೇಕು, ನಡುಮನೆ ಸೇರಬೇಕು, ಅಷ್ಟರಲ್ಲಿ “ಪೋಂ” ಎಂದರೆ ಸಾಕು, ಅಪ್ಪ ಇಲ್ಲ. ಹಿಂತಿರುಗಿ ಬರುವಷ್ಟರಲ್ಲಿ ಸೀಮೆಎಣ್ಣೆ ಬುಡ್ಡಿಯ ಮಂಕು ಬೆಳಕಲ್ಲಿ ಯಾವ ಕಾಯಿ ಎಲ್ಲಿತ್ತೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಹುಡುಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು.

“ಅಳಬೇಡ ಮಗಾ,” ಎಂದರು ಇವರು. “ನಮ್ಮನೆಗೆ ಕರೆಂಟ್ ಬರ್ಲಿ. ಮದುವೆ ಮನೆಗೆ ಕಟ್ತಾರಲ್ಲ, ಬಣ್ಣಬಣ್ಣದ ಲೈಟು, ಅದನ್ನ ಈ ಗೋಡೆಯಿಂದ ಆ ಗೋಡೆಗೆ ಕಟ್ತೀನಿ. ಅದರ ಕೆಳಗೆ ಕೂತು ಒಂದು ಚೌಕಾಬಾರ. ಮೊದಲಿಂದ ಕೊನೆ ತನಕ.”

“ಬಸ್ಸು ಬಂದ್ರೆ?”

“ಬಸ್ಸಲ್ಲ, ಬಸ್ಸಿನ ಅಪ್ಪ ಬಂದ್ರೂ ಏಳಲ್ಲ.”

“ಆಣೆ?”

“ಆಣೆ.”

ನಾನು ಗಂಜಿ ಆರಿಸುತ್ತಾ ಪಕ್ಕದಲ್ಲೇ ಕೂತಿದ್ದೆ. ಈ ಒಪ್ಪಂದಕ್ಕೆ ಇರುವ ಸಾಕ್ಷಿ ನಾನೊಬ್ಬಳೇ.

ಕರೆಂಟು ಬರಲು ಹತ್ತು ವರ್ಷ ಹಿಡಿಯಿತು. ಊರಿಗೆ ಬಂದಿತ್ತು, ನಮ್ಮ ಬಾಡಿಗೆ ಮನೆಯ ಒಡೆಯರು ಮಾತ್ರ, ಗೋಡೆಯೊಳಗೆ ಕರೆಂಟು ಹರಿದರೆ ಹಿತ್ತಲಿನ ಎಮ್ಮೆ ಹಾಲು ಬತ್ತಿಸುತ್ತದೆಂದು ದೃಢವಾಗಿ ನಂಬಿದ್ದರು. ಎಂಬತ್ತೈದನೆಯ ಇಸವಿಯಲ್ಲಿ ನಾವೇ ಎರಡು ಕೋಣೆಯ ಮನೆ ಕಟ್ಟಿಕೊಂಡು ಮೀಟರು ಹಾಕಿಸಿಕೊಂಡೆವು. ಆ ಹೊತ್ತಿಗೆ ವಿಶಾಲುಗೆ ಹದಿನೆಂಟು ತುಂಬಿ, ಮಂಗಳೂರಿನಲ್ಲಿ ನರ್ಸ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ನವರಾತ್ರಿ ಕಳೆದ ವಾರ, ಗುರುವಾರ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಹೊರಡಬೇಕು. ಮೊದಲ ವರ್ಷ ಮನೆಗೆ ಬಿಡುವುದಿಲ್ಲ ಎಂದು ಕಾಗದದಲ್ಲಿ ಬರೆದಿತ್ತು.

ಹೊರಡಲು ಆರು ದಿನ ಇರುವಾಗ ಟ್ರಂಕು ತುಂಬುತ್ತಿದ್ದವಳು ಕವಡೆಯ ಚೀಲ ಕೈಗೆ ಸಿಕ್ಕಿದಾಗ ಅದನ್ನು ಗೂಡಿನಲ್ಲಿಟ್ಟಳು.

“ಅಮ್ಮ, ಇದು ಇಲ್ಲೇ ಇರ್ಲಿ. ಅಲ್ಲಿ ಆಡೋರು ಯಾರೂ ಇರಲ್ಲ.” ಟ್ರಂಕಿನ ಕಡೆ ತಿರುಗಿ ಸೇರಿಸಿದಳು: “ಇಲ್ಲಿ ಮುಗಿಸೋರು ಇರ್ಲಿಲ್ಲ.”

ಊಟಕ್ಕೆ ಕೂತಿದ್ದ ಇವರ ತುತ್ತು ತಟ್ಟೆ ಮತ್ತು ಬಾಯಿಯ ನಡುವೆ ಎಲ್ಲೋ ನಿಂತಿತು. ಆ ರಾತ್ರಿ ಮಜ್ಜಿಗೆ ಬಡಿಸಿಕೊಳ್ಳದೆ ಎದ್ದರು.

ಮಾರನೆಯ ದಿನ ಮೇಳಿಗೆಯ ಶಾಲೆಗೆ ಹೋಗಲು ನಾನು ನಿಲ್ದಾಣದಲ್ಲಿ ನಿಂತಿದ್ದೆ. ಸಾಗರದ ಬಸ್ಸು ಬಂತು. ಅದರ ಕಂಡಕ್ಟರ್ ಕೆರಿಯಪ್ಪ ದಿನಕ್ಕೆ ನಾಲ್ಕು ಸಲ ನಮ್ಮೂರು ದಾಟುವವನು. ಬೆಳಿಗ್ಗೆ ಹೊಸನಗರದಿಂದ ತೀರ್ಥಹಳ್ಳಿಗೆ, ಅಲ್ಲಿಂದ ಸಾಗರಕ್ಕೆ, ಸಂಜೆ ತಿರುಗಿ ತೀರ್ಥಹಳ್ಳಿಗೆ, ರಾತ್ರಿ ಎಂಟಕ್ಕೆ ಹೊಸನಗರಕ್ಕೆ. ಮೂರು ತಾಲೂಕಿನ ಸುದ್ದಿ ಅವನ ಚರ್ಮದ ಚೀಲದಲ್ಲಿ ಚಿಲ್ಲರೆಯ ಜೊತೆಗೇ ಇರುತ್ತದೆ, ಚಿಲ್ಲರೆಗಿಂತ ಬೇಗ ಕೈಬಿಡುತ್ತದೆ.

“ಕೆರಿಯಪ್ಪ, ಸಾಗರದ ಮೈಕ್‌ಸೆಟ್ ಅಂಗಡಿ ಮಂಜಯ್ಯಂಗೆ ಹೇಳು. ಬಣ್ಣದ ಸೀರಿಯಲ್ ಸೆಟ್ಟು ಒಂದು ಬೇಕು, ಬುಧವಾರಕ್ಕೆ,” ಎಂದರು ಇವರು.

“ಎಂಥಕ್ಕೆ ಏಜೆಂಟ್ರೆ? ಮಗಳಿಗೆ ಗಂಡು ಗೊತ್ತಾಯ್ತಾ?”

“ಹಂಗಲ್ಲ ಮಾರಾಯ.”

“ಮತ್ತೆ?”

ಇಲ್ಲಿ ನಿಜ ಹೇಳಬಹುದಿತ್ತು. ಆದರೆ ಸುತ್ತ ಹನ್ನೆರಡು ಜನ ನಿಂತಿದ್ದರು. ನಲವತ್ತಾರು ವರ್ಷದ ಗಂಡಸು, ಬಸ್ಸು ಹೊರಡಿಸುವ ಅಧಿಕಾರವುಳ್ಳವನು, ಮದುವೆಗೆ ಬಂದ ಮಗಳ ಜೊತೆ ಬಳೆಚೂರು ಇಟ್ಟುಕೊಂಡು ಚೌಕಾಬಾರ ಆಡಲು ಸಾಗರದಿಂದ ದೀಪ ತರಿಸುತ್ತಿದ್ದಾನೆ ಎಂದು ಹೇಳುವುದು ಹೇಗೆ? ಇವರು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು:

“ವಿಶಾಲು ಆವತ್ತು ಜ್ವರದಲ್ಲಿ ಮಲಗಿದ್ದಾಗ ಒಂದು ಮಾತು ಕೊಟ್ಟಿದ್ದೆ. ಅವಳು ಊರು ಬಿಡೋದ್ರೊಳಗೆ ತೀರಿಸ್ಬೇಕು. ಬುಧವಾರ ಸಂಜೆ.”

ಹನ್ನೆರಡು ಜನರೂ ಒಮ್ಮೆಗೇ ತಲೆ ತಗ್ಗಿಸಿದರು. ಒಬ್ಬರು ಚಪ್ಪಲಿ ಬಿಟ್ಟು ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

ನಮ್ಮ ಸೀಮೆಯಲ್ಲಿ ಸಾಯುವ ಮಗು ಉಳಿದರೆ ಅಪ್ಪ ಮಾತು ಕೊಟ್ಟಿರುವುದು ಯಾರಿಗೆ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ದೇವರಿಗೇ ಕೊಟ್ಟಿರುತ್ತಾನೆ. ಅದನ್ನು ತೀರಿಸುವಾಗ ಕರೆಯುವ ಕ್ರಮವೂ ಇಲ್ಲ. ಕಿವಿಗೆ ಬಿದ್ದವರೆಲ್ಲ ಒಂದು ತೆಂಗಿನಕಾಯಿ ಹಿಡಿದು ಬರಬೇಕು, ಬಾರದಿದ್ದರೆ ದೋಷ.

ಕೆರಿಯಪ್ಪ ರೈಟ್ ಹೇಳಿ ಬಸ್ಸು ಹತ್ತಿದ. ಹೊಸನಗರದ ಹೊತ್ತಿಗೆ ನಮ್ಮ ಮನೆಯಲ್ಲಿ ಹರಕೆ ಇತ್ತು. ಸಾಗರ ಮುಟ್ಟುವ ಹೊತ್ತಿಗೆ ಅದು ತಾಳಮದ್ದಳೆಯ ಹರಕೆಯಾಗಿತ್ತು.

ಬುಧವಾರ ಮಧ್ಯಾಹ್ನ ಇವರು ರಜೆ ಹಾಕಿ ಕೂತಿದ್ದರು. ಸಂಜೆಯ ಬಸ್ಸುಗಳಿಗೆ ಮನೆಯಿಂದಲೇ ಹೋಗಿ ಟ್ರಿಪ್ ಶೀಟಿಗೆ ಸಹಿ ಹಾಕಿದರಾಯಿತು ಎಂಬ ಏರ್ಪಾಡು. ಏಜೆಂಟರ ಸಹಿಯಿಲ್ಲದೆ ಬಸ್ಸು ಊರು ಬಿಡುವಂತಿಲ್ಲ. ಮೊದಲು ಬಂದವಳು ಪಕ್ಕದ ಮನೆಯ ವೆಂಕಮ್ಮ. ಕೈಯಲ್ಲಿ ಎರಡು ತೆಂಗಿನಕಾಯಿ, ಒಂದು ಸೇರು ಹಾಲು.

“ನಮಗೊಂದು ಮಾತು ಹೇಳ್ಲಿಲ್ವಲ್ಲ ಅಕ್ಕೋರೆ,” ಎಂದಳು ನನಗೆ. ಆಮೇಲೆ ಇವರ ಕಡೆ ತಿರುಗಿ, “ನಮ್ಮ ಚೌಡಮ್ಮ ದೇವ್ರಿಗೇ ಹೇಳ್ಕೊಂಡಿದ್ದಲ್ವಾ? ಆಗ ಅವಳ ಕುಂಕುಮ ನಾನೇ ತಂದ್ಕೊಟ್ಟಿದ್ದು.”

ಇವರು ಹಾಲು ನೋಡಿದರು, ವೆಂಕಮ್ಮನ ಕಣ್ಣು ನೋಡಿದರು. “ಹೂಂ,” ಎಂದರು.

ಅರ್ಧ ಗಂಟೆಯಲ್ಲಿ ಮೇಳಿಗೆಯ ಹೇರಂಬ ಭಟ್ಟರು ಬಂದರು. ತಾಳಮದ್ದಳೆಯಲ್ಲಿ ಅರ್ಥ ಹೇಳುವುದೆಂದರೆ ಭಟ್ಟರಿಗೆ ಪ್ರಾಣ. ವೇಷ ಬೇಡ, ರಂಗ ಬೇಡ, ಕೂರಲು ಒಂದು ಚಾಪೆ ಸಿಕ್ಕರೆ ಐದು ತಾಸು ಮಾತಾಡಿಯಾರು. ಹಿಂದೆ ಮದ್ದಳೆಯವರು, ಹಾಡುವ ಭಾಗವತರು.

“ಗಣಪತಿಗೇ ಅಲ್ಲವೇ ವಾಸಪ್ಪ ನೀನು ಹೇಳಿಕೊಂಡದ್ದು? ನನಗೆ ಗೊತ್ತಿತ್ತು. ಆವತ್ತು ಪ್ರಸಾದ ಕೊಟ್ಟವನು ನಾನೇ.”

“ಹೌದು ಭಟ್ರೆ.”

ಹೀಗೆ ಸಂಜೆ ನಾಲ್ಕರೊಳಗೆ ನಮ್ಮ ಯಜಮಾನರು ಐದು ದೇವರಿಗೆ ಋಣಿಯಾದರು. ಆರನೆಯದು ಐದು ಗಂಟೆಯ ಬಸ್ಸಿನಲ್ಲಿ ಬಂತು. ಮನೆದೇವರ ಪರವಾಗಿ ಇವರ ಅಕ್ಕ ಗುತ್ಯಮ್ಮನವರು ಹೊಸನಗರದಿಂದ ಬಂದಿಳಿದರು. ಅತ್ತಿಗೆಯವರು ಇಳಿದದ್ದು ಇಳಿದ ಹಾಗೆ ಕಾಣಲಿಲ್ಲ. ಬಸ್ಸೇ ಅವರನ್ನು ಕೆಳಗಿಟ್ಟು ಹೆದರಿ ಹಿಂದೆ ಸರಿದಂತಿತ್ತು.

“ವಾಸು! ಹತ್ತು ವರ್ಷ ಮನೆದೇವರ ಹರಕೆ ಮುಚ್ಚಿಟ್ಕೊಂಡಿದ್ಯಲ್ಲ, ನೀನು ಮನುಷ್ಯನಾ? ಸೋದರತ್ತೆ ನಾನು ಬದುಕಿದೀನಾ, ಸತ್ತಿದೀನಾ? ಕಂಡಕ್ಟರ್ ಬಾಯಲ್ಲಿ ಕೇಳ್ಬೇಕಾ ನಾನು?”

“ಅಕ್ಕ, ಅದು ಹಂಗಲ್ಲ...”

“ಸುಮ್ನಿರು. ಆರತಿ ನಾನು ಎತ್ತೋದು.”

ಬಸ್ಸಿನ ಮೇಲಿಂದ ಕೆರಿಯಪ್ಪ ಸಾಮಾನು ಇಳಿಸತೊಡಗಿದ. ಸೀರಿಯಲ್ ಸೆಟ್ಟಿನ ರಟ್ಟಿನ ಪೆಟ್ಟಿಗೆ ಬಂತು. ಅದರ ಹಿಂದೆ ಒಂದು ಜಮಖಾನ. ಅದರ ಹಿಂದೆ ಮೈಕು, ಒಂದು ಆಂಪ್ಲಿಫಯರು, ಭತ್ತ ಅಳೆಯುವ ಕಳಸಿಗೆಯಷ್ಟು ದೊಡ್ಡ ಎರಡು ಸ್ಪೀಕರು.

“ನಾನು ಲೈಟಷ್ಟೇ ಹೇಳಿದ್ದು,” ಎಂದರು ಇವರು.

“ಮಂಜಯ್ಯ ಎಲ್ಲಾ ಕಳ್ಸಿದಾರೆ. ದೇವರ ಕೆಲಸಕ್ಕೆ ಬಾಡಿಗೆ ಮುಟ್ಟಲ್ಲ ಅಂದ್ರು. ಒಂದು ಬಲ್ಬು ಜಾಸ್ತಿ ಇಟ್ಟಿದಾರೆ, ಯಾವುದಾದ್ರೂ ಸುಟ್ರೆ ಇರ್ಲಿ ಅಂತ.”

ದೇವರ ಹೆಸರಲ್ಲಿ ಬಿಟ್ಟಿ ಬಂದ ಮೈಕಿನ ಮುಂದೆ ನಿಂತು ‘ಇದು ಚೌಕಾಬಾರಕ್ಕೆ’ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ಇವರದಂತೂ ಗೊತ್ತೇ ಇದೆ.

ವಿಶಾಲು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಸೀರಿಯಲ್ ಸೆಟ್ಟನ್ನು ಕಂಡಾಗ ಅವಳ ಮುಖ ಅರಳಿತು. ಗೂಡಿನತ್ತ ಕೈ ಹೋಯಿತು, ಕವಡೆಯ ಚೀಲ ಕೈಗೆ ಬಂತು. ಅಷ್ಟರಲ್ಲಿ ಭಟ್ಟರು ಜಗಲಿ ದಾಟಿ ಒಳಗೆ ಬಂದು, ನಡುಕೋಣೆಯಲ್ಲಿ ಜಮಖಾನ ಹಾಸಿಸಿ, “ಮದ್ದಳೆ ಇಲ್ಲಿ, ಭಾಗವತರು ಇಲ್ಲಿ, ಹರಕೆ ಹೊತ್ತವನು ನಡುವೆ” ಎಂದು ಬೆರಳು ತೋರಿಸಿದರು. ಅವಳು ಚೀಲವನ್ನು ಮತ್ತೆ ಗೂಡಿನಲ್ಲಿಟ್ಟು ನನ್ನ ಜೊತೆ ಅಡುಗೆಮನೆಗೆ ಬಂದಳು.

“ಎಷ್ಟು ಜನಕ್ಕೆ ಕಾಫಿ ಅಮ್ಮ?”

“ನಿನ್ನಪ್ಪನ್ನ ಕೇಳು.”

“ಅಪ್ಪ ಹೂಂ ಅಂತಾರೆ ಅಷ್ಟೆ.”

ಆರೂವರೆಗೆ ಅರವತ್ತು ಜನ ಸೇರಿದ್ದರು. ದೀಪ ಕಟ್ಟಿ ಆಗಿತ್ತು. ಕೆಂಪು, ಹಸಿರು, ನೀಲಿ, ಹಳದಿ ಬಲ್ಬುಗಳ ಸಾಲು ನಡುಕೋಣೆಯ ನಾಲ್ಕು ಗೋಡೆ ಸುತ್ತಿ, ನಡುವೆ ಅಡ್ಡ ಹಾದು, ಬಾಗಿಲಿನ ಮೇಲೆ ಕೊನೆಯಾಗಿತ್ತು. ಸ್ವಿಚ್ಚು ಒತ್ತುವ ಮೊದಲು ಲೈನ್‌ಮ್ಯಾನ್ ಮಾರಪ್ಪ ಒಳಗೆ ಬಂದ. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ತಿರುಗುವ ಮಾರಪ್ಪ ಏಣಿಯಿಲ್ಲದೆ ಬಂದನೆಂದರೆ ಅದು ಸರ್ಕಾರಿ ಭೇಟಿ.

“ಏಜೆಂಟ್ರೆ, ಒಂದು ಪ್ರಶ್ನೆ. ಇದು ಮನೆ ಬಳಕೆನಾ, ಸಮಾರಂಭನಾ? ಮನೆ ಬಳಕೆ ಆದ್ರೆ ನಂದೇನೂ ಅಡ್ಡಿಲ್ಲ. ಸಮಾರಂಭ ಆದ್ರೆ ಬೇರೆ ಪರ್ಮಿಷನ್ ತಗೋಬೇಕು. ರೂಲ್ಸು.”

ಅರವತ್ತು ಜನ ಇವರತ್ತ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದ ವಿಶಾಲುವೂ ನಿಂತಳು. ಸರ್ಕಾರವೇ ಮನೆ ಬಾಗಿಲಿಗೆ ಬಂದು ನಿಜ ಹೇಳಲು ಒಂದು ಅವಕಾಶ ಕೊಡುವುದು ಎಲ್ಲರ ಬಾಳಿನಲ್ಲಿ ನಡೆಯುವಂಥದ್ದಲ್ಲ.

“ಮನೆ ಬಳಕೆ,” ಎಂದರು ಇವರು. ಮಗಳ ಕಡೆ ನೋಡಿಯೇ ಹೇಳಿದರು.

ಅರವತ್ತು ಜನ ಗೊಳ್ಳೆಂದು ನಕ್ಕರು. ಮಾರಪ್ಪ ಸ್ಪೀಕರು ನೋಡಿದ, ಮದ್ದಳೆ ನೋಡಿದ, ಭಾಗವತರ ಪೇಟ ನೋಡಿದ. “ಇಷ್ಟೆಲ್ಲಾ ಮನೇಲಿ ಎಂಥಕ್ಕೆ ಬಳಸ್ತೀರಿ ಹೇಳಿ. ಹಂಗೇ ಬರ್ಕೋತೀನಿ.”

ಇವರು ಬಾಯಿ ತೆರೆದರು. ಗುತ್ಯಮ್ಮನವರು ಆರತಿ ತಟ್ಟೆ ಹಿಡಿದು ದಿಟ್ಟಿಸುತ್ತಿದ್ದರು. ಭಟ್ಟರು ಶಲ್ಯ ಕೊಡವಿಕೊಳ್ಳುತ್ತಿದ್ದರು.

“ಸಮಾರಂಭ,” ಎಂದರು.

ವಿಶಾಲು ಕಾಫಿ ಹಂಚಲು ಶುರು ಮಾಡಿದಳು.

“ಹಂಗಾದ್ರೆ ಪರ್ಮಿಷನ್...” ಎಂದು ಮಾರಪ್ಪ ಹೇಳುವಷ್ಟರಲ್ಲಿ ಗುತ್ಯಮ್ಮನವರು, “ಏ ಮಾರಪ್ಪ, ದೇವರಿಗೆ ರೂಲ್ಸ್ ಹೇಳ್ತೀಯಾ? ಕೂತ್ಕೊ, ಕಾಫಿ ಕುಡಿ” ಎಂದರು. ಮಾರಪ್ಪ ಮುಂದಿನ ಸಾಲಿನಲ್ಲಿ ಕೂತ. ಸ್ವಿಚ್ಚನ್ನು ಅವನೇ ಒತ್ತಿದ. ಅರವತ್ತು ಮುಖ ಒಮ್ಮೆಗೇ ನಾಲ್ಕು ಬಣ್ಣವಾಯಿತು.

ಭಟ್ಟರು ಆರಿಸಿದ್ದು ಕೊಟ್ಟ ಮಾತಿಗೆ ತಪ್ಪದ ರಾಜನ ಪ್ರಸಂಗ. ರಾಜನ ಅರ್ಥ ಅವರದೇ. ಮಾತು ಕೊಟ್ಟವನು ರಾಜ್ಯ ಬಿಟ್ಟಾನು, ಪ್ರಾಣ ಬಿಟ್ಟಾನು, ಮಾತು ಮಾತ್ರ ಬಿಡಲಾರ ಎಂಬುದನ್ನು ಅವರು ಒಂದೂವರೆ ತಾಸು ಬಿಡಿಸಿ ಹೇಳಿದರು. ಪ್ರತಿ ಸಲ “ಮಾತು” ಎಂದಾಗಲೂ ಕೈ ಚಾಚಿ ನಮ್ಮ ಯಜಮಾನರನ್ನು ತೋರಿಸುತ್ತಿದ್ದರು. ಸ್ಪೀಕರಿನಲ್ಲಿ ಅದು ಕೋಣಂದೂರಿಗೆಲ್ಲ ಕೇಳುತ್ತಿತ್ತು. ಕೆಂಪು ಬಲ್ಬಿನ ಕೆಳಗೆ ಕೂತ ಇವರ ಮುಖ ನಾಚಿಕೆಯಿಂದ ಕೆಂಪಾಯಿತೋ ಬಲ್ಬಿನಿಂದಲೋ, ನಿರ್ಧರಿಸುವುದು ಕಷ್ಟವಿತ್ತು.

ಎಂಟು ಗಂಟೆಗೆ ಹಾರನ್ ಕೇಳಿತು. ಹೊಸನಗರದ ಬಸ್ಸು.

ಇವರ ಕಾಲು ಎದ್ದಿತು. ಅರ್ಧ ಮಾತ್ರ ಎದ್ದಿತು. ಗುತ್ಯಮ್ಮನವರು ಹಿಂದಿನಿಂದ ಇವರ ಶಲ್ಯ ಹಿಡಿದು ಜಗ್ಗಿ ಕೂರಿಸಿದರು.

“ಹರಕೆ ಮೇಲೆ ಕೂತೋನು ನಡುವೆ ಏಳ್ಬಾರ್ದು. ಬಸ್ಸೇನು, ಬ್ರಹ್ಮ ಬಂದ್ರೂ ಕೂತ್ಕೊ.”

ಇವರು ಕೂತರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹಾರನ್ ಕೇಳಿಯೂ ಏಜೆಂಟ್ ವಾಸಪ್ಪ ಕೂತಲ್ಲೇ ಉಳಿದರು. ಎರಡನೆಯ ಹಾರನ್ನಿಗೆ ವಿಶಾಲು ಕಾಫಿ ತಟ್ಟೆ ನನ್ನ ಕೈಗೆ ಕೊಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಅಪ್ಪನ ಜೇಬಿನಿಂದ ಪೆನ್ನು ತೆಗೆದುಕೊಂಡು ಹೊರಗೆ ಹೋದಳು. ಅಪ್ಪನ ಬದಲು ಸಹಿ ಹಾಕಿ, ಬಸ್ಸು ಹೊರಡಿಸಿ, ಪೆನ್ನು ತಂದು ಜೇಬಿಗೇ ಸಿಕ್ಕಿಸಿದಳು.

“ದೇವರಿಗಾದ್ರೆ ಕೂರ್ತೀಯಲ್ಲ ಅಪ್ಪ,” ಎಂದಳು ಮೆಲ್ಲಗೆ. ಸ್ಪೀಕರಿನ ಗದ್ದಲದಲ್ಲಿ ಅದು ಇವರಿಗೂ ನನಗೂ ಬಿಟ್ಟು ಇನ್ಯಾರಿಗೂ ಕೇಳಿಸಲಿಲ್ಲ.

ಒಂಬತ್ತಕ್ಕೆ ಮಂಗಳ ಹಾಡಿದರು. ಗುತ್ಯಮ್ಮನವರು ಎದ್ದು ಆರತಿ ಎತ್ತಿದರು. ಆ ಕೆಲಸಕ್ಕೆ ಇಷ್ಟು ಹೊತ್ತು ಕಾದಿದ್ದ ಅವರ ಕೈಗೆ ಬಲ ಜಾಸ್ತಿಯಾಗಿ, ತಟ್ಟೆ ಅಡ್ಡ ಹಾದಿದ್ದ ದೀಪದ ಸಾಲಿಗೆ ತಾಗಿತು. ಒಂದು ಬಲ್ಬು ಟಪ್ ಎಂದಿತು. ಸೀರಿಯಲ್ ಸೆಟ್ಟಿನ ಗುಣ ನಮ್ಮ ಬಂಧುವರ್ಗದಂಥದ್ದೇ. ಒಬ್ಬರು ಮುನಿಸಿಕೊಂಡರೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಇಡೀ ಸಾಲು ಆರಿತು.

ಕತ್ತಲಲ್ಲಿ ಭಟ್ಟರ ಸ್ವರ ಕೇಳಿತು: “ಶುಭ! ಹರಕೆ ಮುಟ್ಟಿತು ಎಂದು ಸೂಚನೆ.”

ಎಲ್ಲರೂ ಕೈ ಮುಗಿದರು. ಮಾಮೂಲಿ ಬಲ್ಬು ಹಾಕಿದ್ದಾಯಿತು, ತೆಂಗಿನಕಾಯಿ ಹೋಳು ಹಂಚಿದ್ದಾಯಿತು. ವಿಶಾಲು ಜಮಖಾನ ಮಡಿಸಿಟ್ಟು, ಟ್ರಂಕಿಗೆ ಬೀಗ ಹಾಕಿ, ಗುತ್ಯಮ್ಮನವರ ಪಕ್ಕ ಮಲಗಿದಳು. ಕವಡೆಯ ಚೀಲದ ಕಡೆ ತಿರುಗಿಯೂ ನೋಡಲಿಲ್ಲ. ಇವರು ಬಾಗಿಲಲ್ಲಿ ನಿಂತು, “ಮಗಾ, ಈಗ ಒಂದು...” ಎಂದರು.

“ಲೈಟೇ ಹೋಯ್ತಲ್ಲ ಅಪ್ಪ. ಹರಕೆ ಮುಟ್ಟಿತು ಅಂತ ಭಟ್ರು ಹೇಳಿದ್ರಲ್ಲ, ಮಲ್ಕೊ.”

ಬೆಳಿಗ್ಗೆ ನಾಲ್ಕೂವರೆಗೆ ದಾರಿಬುತ್ತಿಗೆ ರೊಟ್ಟಿ ತಟ್ಟಲು ನಾನೆದ್ದಾಗ ಇವರು ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ಮಂಜಯ್ಯ ಕೊಟ್ಟ ಆ ಒಂದು ಜಾಸ್ತಿ ಬಲ್ಬು. ಸುಟ್ಟದ್ದು ಯಾವುದೆಂದು ಹೊರಗಿನಿಂದ ಕಾಣುವುದಿಲ್ಲ. ಒಂದೊಂದನ್ನೇ ತೆಗೆದು, ಅದರ ಜಾಗಕ್ಕೆ ಒಳ್ಳೆಯದನ್ನು ಹಾಕಿ, ಸ್ವಿಚ್ಚು ಒತ್ತಿ, ಹತ್ತದಿದ್ದರೆ ಮತ್ತೆ ಮುಂದಿನದು.

“ಆರತಿ ತಟ್ಟೆ ತಾಗಿದ್ದು ನಡುವಿನಲ್ಲಲ್ವಾ? ಅಲ್ಲಿಂದ ನೋಡಬಾರ್ದಾ?” ಎಂದೆ.

“ಮೊದಲಿಂದ ಶುರು ಮಾಡಿದೀನಿ,” ಎಂದರು. “ಮೊದಲಿಂದ ಕೊನೆ ತನಕ ನೋಡ್ತೀನಿ.”

ಇಂಥ ಮನುಷ್ಯನೊಡನೆ ಇಪ್ಪತ್ತು ವರ್ಷ ಸಂಸಾರ ಮಾಡಿದವಳು ವಾದಿಸುವುದಿಲ್ಲ. ಹದಿಮೂರನೆಯ ರೊಟ್ಟಿ ಕಾವಲಿಯ ಮೇಲಿದ್ದಾಗ, ಮೂವತ್ತೊಂದನೆಯ ಬಲ್ಬಿನಲ್ಲಿ, ಅಡುಗೆಮನೆಯ ಗೋಡೆ ಇದ್ದಕ್ಕಿದ್ದಂತೆ ಹಸಿರಾಯಿತು.

ವಿಶಾಲು ಕಣ್ಣುಜ್ಜುತ್ತಾ ಬಂದಾಗ ನೆಲದ ಮೇಲೆ ಇಪ್ಪತ್ತೈದು ಮನೆ ಬರೆದಿತ್ತು. ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗಂಟೆ ಐದೂಕಾಲು.

“ಬಸ್ಸಿಗೆ ಒಂದೇ ಗಂಟೆ ಇರೋದು,” ಎಂದಳು.

“ಗರ ಹಾಕು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೂತು ಕವಡೆ ಆಡಿಸಿದಳು. ಚೌಕಾ ಬಿತ್ತು.

ಅಷ್ಟು ವರ್ಷ ಕಾದ ಆ ದೀಪದ ಒಂದು ದೋಷ ಐದೇ ನಿಮಿಷದಲ್ಲಿ ಬಯಲಾಯಿತು. ಕೆಂಪು ಬಲ್ಬಿನ ಕೆಳಗೆ ಬಂದರೆ ಹಸಿರು ಬಳೆಚೂರು ಕಪ್ಪು. ಹಸಿರಿನ ಕೆಳಗೆ ಕೆಂಪು ಚೂರು ಕಪ್ಪು. ನೀಲಿಯ ಕೆಳಗೆ ಎರಡೂ ಕಪ್ಪು. ಅಪ್ಪ ಮಗಳ ಕಾಯಿಯನ್ನು ತನ್ನದೆಂದು ನಾಲ್ಕು ಮನೆ ನಡೆಸಿದರು. ಮಗಳು ತನ್ನ ಕಾಯಿಯನ್ನು ತಾನೇ ಹೊಡೆದಳು.

“ಬಿಳಿ ಲೈಟ್ ಹಾಕೋಣ ಅಪ್ಪ.”

“ಬಣ್ಣದ ದೀಪದ ಕೆಳಗೆ ಅಂತ ಮಾತು.”

ಕೊನೆಗೆ ನಾನು ಚೀಲದಿಂದ ಒಂದು ಸೀಮೆಸುಣ್ಣ ತೆಗೆದು ನಾಲ್ಕು ತುಂಡು ಮಾಡಿ ಇವರಿಗೆ ಕೊಟ್ಟೆ. ಬಳೆ ಬಳೆಯಾಯಿತು, ಸುಣ್ಣ ಸುಣ್ಣವಾಯಿತು. ಆಟ ಮತ್ತೆ ಮೊದಲಿನಿಂದ.

ಆರೂಕಾಲಿಗೆ ಹಾರನ್ ಕೇಳಿದಾಗ ಅವಳ ಎರಡು ಕಾಯಿ ಹಣ್ಣಾಗಿದ್ದವು, ಇವರದು ಮೂರು.

ಇವರ ಮೊಣಕಾಲು ಒಮ್ಮೆ ಅದುರಿತು. ಇವರು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು.

ಎರಡನೆಯ ಹಾರನ್. ಮೂರನೆಯದು. ಆಮೇಲೆ ಬಾಗಿಲಲ್ಲಿ ಕೆರಿಯಪ್ಪ.

“ಏಜೆಂಟ್ರೆ, ಟ್ರಿಪ್ ಶೀಟಿಗೆ ಸಹಿ...” ಎಂದವನು ಬಣ್ಣದ ಬೆಳಕು ನೋಡಿದ, ನೆಲದ ಮನೆ ನೋಡಿದ, ಕವಡೆ ನೋಡಿದ. “ಇದೆಂಥದು?”

ಗುತ್ಯಮ್ಮನವರೂ ಎದ್ದು ಬಂದು ಕೋಣೆಯ ಮೂಲೆಯಲ್ಲಿ ಕೂತಿದ್ದರು. ಕೆರಿಯಪ್ಪನ ಹಿಂದೆ ಬಸ್ಸಿನಿಂದ ಇಳಿದು ಬಂದ ನಾಲ್ಕೈದು ಜನ ಇಣುಕುತ್ತಿದ್ದರು. ವೆಂಕಮ್ಮ ಹಾಲಿನ ಚೊಂಬು ವಾಪಸ್ಸು ಒಯ್ಯಲು ಬಂದವಳು ಅಲ್ಲೇ ನಿಂತಿದ್ದಳು.

ಇವರು ಗಂಟಲು ಸರಿಮಾಡಿಕೊಳ್ಳಲಿಲ್ಲ.

“ಇದೇ ಕೆರಿಯಪ್ಪ, ನಾನು ಹೇಳಿದ ಮಾತು. ದೇವರಿಗೆ ಕೊಟ್ಟಿದ್ದಲ್ಲ, ಇವಳಿಗೆ. ಬಣ್ಣದ ದೀಪದ ಕೆಳಗೆ ಒಂದು ಚೌಕಾಬಾರ, ನಡುವೆ ಏಳದೆ. ಆವತ್ತು ಹೇಳೋಕೆ ನಾಚ್ಕೆ ಆಯ್ತು.”

ಎಲ್ಲರೂ ಗುತ್ಯಮ್ಮನವರತ್ತ ತಿರುಗಿದರು.

“ಇದಕ್ಕೆ ನಾನು ಹೊಸನಗರದಿಂದ ಬಂದ್ನಾ?” ಎಂದರು ಗುತ್ಯಮ್ಮನವರು.

“ಹೌದಕ್ಕ.”

“ಆರತಿ ಎತ್ತಿದ್ನಾ?”

“ಹೌದಕ್ಕ.”

ಅತ್ತಿಗೆಯವರು ಎದ್ದು ಬಂದರು. ಏನಾಗುತ್ತದೋ ಎಂದು ನಾನು ರೊಟ್ಟಿಯ ಗಂಟನ್ನು ಎದೆಗವಚಿಕೊಂಡೆ. ಅವರು ಸೀರೆ ಒತ್ತಿಕೊಂಡು ವಿಶಾಲುವಿನ ಪಕ್ಕ ಕೂತರು. ಮನೆಗಳನ್ನು ಎರಡು ಸಲ ಎಣಿಸಿದರು.

“ಆ ಕಾಯಿ ಅಲ್ಲೇ ಬಿಡು ಮಗಾ, ಕಟ್ಟೆ ಮೇಲಿದೆ, ಯಾರೂ ಹೊಡಿಯೋ ಹಂಗಿಲ್ಲ. ಇದನ್ನ ನಡೆಸು. ಇವನು ಸಣ್ಣೋನಿದ್ದಾಗಿಂದ ಕಳ್ಳಾಟ ಇವಂದು, ನನಗೊತ್ತು.”

“ಅಲ್ಲ, ತೀರ್ಥಹಳ್ಳೀಲಿ ಮಂಗಳೂರು ಬಸ್ಸು ತಪ್ಪಿ ಹೋಗ್ತದೆ,” ಎಂದ ಕೆರಿಯಪ್ಪ.

ವಿಶಾಲು ಕವಡೆ ಹಿಡಿದ ಕೈ ತಡೆದಳು. ಆ ಬಸ್ಸು ತಪ್ಪಿದರೆ ಸಂಜೆಯೊಳಗೆ ಮಂಗಳೂರು ಸೇರುವುದಿಲ್ಲ. ಸೇರದಿದ್ದರೆ ಸೀಟು ಇರುವುದಿಲ್ಲ. ಅದೂ ಕಾಗದದಲ್ಲಿ ಬರೆದಿತ್ತು.

“ಅಪ್ಪ, ಸಾಕು. ನೀನು ಗೆದ್ದೆ ಅಂದ್ಕೊ. ಏಳು.”

“ನೀನು ಬೇಕಾದ್ರೆ ಏಳು. ನಾನು ಏಳಲ್ಲ ಅಂದಿದೀನಿ.”

ಬಾಗಿಲಿನ ಹೊರಗಿಂದ ಡ್ರೈವರನ ಗಂಟಲು ಕೇಳಿತು. ಅವನೂ ಇಳಿದು ಬಂದಿದ್ದ. “ಇಪ್ಪತ್ತು ನಿಮಿಷದ ತನಕ ತಡ ಆದ್ರೆ ದಾರೀಲಿ ತುಂಬ್ಕೊಡ್ತೀನಿ. ಅದರ ಮೇಲೆ ನನ್ನ ಕೈಲಾಗಲ್ಲ. ಬೇಗ ಬೇಗ ಗರ ಹಾಕಿ!”

ಬಸ್ಸಿನಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ನಮ್ಮ ನಡುಕೋಣೆಗೆ ಬಂದರು. ಅರ್ಧ ಜನ ಅಪ್ಪನ ಕಡೆ, ಅರ್ಧ ಮಗಳ ಕಡೆ. ಅವಳ ಮೂರನೆಯ ಕಾಯಿ ಹಣ್ಣಾಯಿತು. ನಾಲ್ಕನೆಯದು ನಡುಮನೆಗೆ ಒಂದೇ ಹೆಜ್ಜೆ. ಇವರಿಗೆ ಎರಡು ಬೀಳಬೇಕು. ಕಿಟಕಿಯಲ್ಲಿ ಬೆಳಗಾಗಿ, ಬಣ್ಣದ ದೀಪಗಳು ಮಂಕಾಗತೊಡಗಿದ್ದವು.

ಮಗಳು ಊರು ಬಿಡುವ ದಿನ ಒಬ್ಬ ಒಳ್ಳೆಯ ಅಪ್ಪ ಇಂಥ ಹೊತ್ತಿನಲ್ಲಿ ಸೋಲುತ್ತಾನೆ ಎಂದು ನಾನು ನಂಬಿದ್ದೆ. ಇವರು ಕವಡೆಯನ್ನು ಅಂಗೈಯಲ್ಲಿ ಬಹಳ ಹೊತ್ತು ಉಜ್ಜಿದರು. ಹಾಕಿದರು. ಎರಡು.

“ಹಣ್ಣು!” ಎಂದು ಕೂಗಿ, ಕೂತಲ್ಲಿಂದಲೇ ಮೇಲಕ್ಕೆ ಹಾರಿದರು. ಅಲ್ಲಿಯ ತನಕ ಎದ್ದಿರಲಿಲ್ಲ.

ವಿಶಾಲು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ರಜೆಗೆ ಬಂದಾಗ ನೋಡ್ಕೋತೀನಿ ನಿನ್ನ,” ಎಂದು ಕವಡೆಯ ಚೀಲವನ್ನು ಟ್ರಂಕಿನೊಳಗೆ ತುರುಕಿದಳು.

ಮಂಜಯ್ಯನ ಸೀರಿಯಲ್ ಸೆಟ್ಟು, ಸ್ಪೀಕರು, ಪೂರ್ತಿ ಬಾಡಿಗೆಯ ಸಮೇತ ಆ ದಿನ ಆಮೇಲೆ ಸಾಗರಕ್ಕೆ ಹಿಂತಿರುಗಿದವು. ಭಟ್ಟರು ಮಾತ್ರ ಇಂದಿಗೂ ಅದು ಗಣಪತಿಯ ಹರಕೆಯೇ ಎನ್ನುತ್ತಾರೆ. ಒಂದೂವರೆ ತಾಸು ಹೇಳಿದ ಅರ್ಥವನ್ನು ವಾಪಸ್ಸು ಪಡೆಯುವ ಕ್ರಮ ತಾಳಮದ್ದಳೆಯಲ್ಲಿ ಇಲ್ಲವಂತೆ.

ಬಸ್ಸಿನ ಬಾಗಿಲಲ್ಲಿ ಕೆರಿಯಪ್ಪ ಟ್ರಿಪ್ ಶೀಟು ಹಿಡಿದ. ಆರು ಮೂವತ್ಮೂರು ಎಂದು ಬರೆದರು ಇವರು. ಪಕ್ಕದಲ್ಲಿ ‘ತಡಕ್ಕೆ ಕಾರಣ’ ಎಂಬ ಖಾನೆ ಇತ್ತು. ಇಪ್ಪತ್ತು ವರ್ಷದಲ್ಲಿ ಅಲ್ಲಿ ಟೈರು, ಮರ ಬಿದ್ದದ್ದು, ದನ ಅಡ್ಡ ಬಂದದ್ದು ಬಿಟ್ಟು ಬೇರೇನೂ ಬರೆದವರಲ್ಲ. ಕೆರಿಯಪ್ಪ, “ಟೈರು ಅಂತ ಹಾಕಿ ಏಜೆಂಟ್ರೆ” ಎಂದ.

ಇವರು ದುಂಡಗಿನ ಅಕ್ಷರದಲ್ಲಿ ಬರೆದರು: ‘ಮಗಳ ಜೊತೆ ಚೌಕಾಬಾರ.’ ಕೆಳಗೆ ಸಹಿ ಹಾಕಿದರು.

ಬಸ್ಸು ಹೋಯಿತು. ಮಂಗಳೂರಿನ ಬಸ್ಸು ಸಿಕ್ಕಿತೆಂದು ಕೆರಿಯಪ್ಪ ಹಿಂತಿರುಗುವಾಗ ಹೇಳಿದ. ನಾನು ಮನೆಗೆ ಬಂದು, ಹಗಲಿನಲ್ಲೂ ಉರಿಯುತ್ತಿದ್ದ ಬಣ್ಣದ ದೀಪಗಳ ಸ್ವಿಚ್ಚು ಆರಿಸಿದೆ. ಹತ್ತು ವರ್ಷದ ಹಿಂದೆ ಕೊಟ್ಟ ಮಾತನ್ನು ನಮ್ಮ ಯಜಮಾನರು ನಡೆಸಿದರು.